ಹೊಲಿಗೆಯಿಲ್ಲದ ಉಡುಪು: ಕಂಬಳಿಯ ಕೊಪ್ಪೆಯೂ ಹೆಣಿಗೆಯ ಅಂಗಿಯೂ

ಪುಷ್ಯಮಾಸದ ಮುಂಜಾವಿನಲ್ಲಿ ಚಿಕ್ಕೋಡಿಯಿಂದ ರಾಯಬಾಗದ ಕಡೆಗೆ ಹೋಗುವ ಹಾದಿಯನ್ನು ಹಿಡಿದವರಿಗೆ ಎರಡು ಬಗೆಯ ಬೆಚ್ಚನೆಯ ಉಡುಪುಗಳು ಒಟ್ಟಿಗೆ ಕಣ್ಣಿಗೆ ಬೀಳುವುದುಂಟು. ಪಾಠಶಾಲೆಗೆ ಹೊರಟ ಬಾಲಕನ ಮೈಮೇಲೆ ಸ್ವೆಟರು. ಕುರಿಯ ಹಿಂಡನ್ನು ಅಟ್ಟಿಕೊಂಡು ಎದುರಿಗೆ ಬರುವ ಮುದುಕನ ತಲೆಯಿಂದ ಮೊಣಕಾಲಿನವರೆಗೆ ಇಳಿದ ಕರಿಯ ಕಂಬಳಿಯ ಕೊಪ್ಪೆ. ನೋಡಿದವರು ಮೊದಲನೆಯದನ್ನು ಹೊಸ ಕಾಲದ ಕುರುಹೆಂದೂ ಎರಡನೆಯದನ್ನು ಹಳೆಯ ಕಾಲದ ಅವಶೇಷವೆಂದೂ ಎಣಿಸಿ ಮುಂದೆ ಸಾಗುವರು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆದರೆ ಇವೆರಡರ ಚರಿತ್ರೆಯನ್ನು ತುಸು ವಿಚಾರಿಸಿ ನೋಡಿದಾಗ, ಇವು ಒಂದೇ ಪ್ರಶ್ನೆಗೆ ಎರಡು ದೇಶಗಳ ಜನರು ಕಂಡುಕೊಂಡ ಎರಡು ಉತ್ತರಗಳೆಂಬುದು ಮನಸ್ಸಿಗೆ ಬಂದಿತು. ಬಟ್ಟೆಯನ್ನು ತುಂಡರಿಸದೆ, ತುಂಡುಗಳನ್ನು ಹೊಲಿಯದೆ, ಮನುಷ್ಯನ ಮೈಯನ್ನು ಮೇಲಿನಿಂದ ಕೆಳಕ್ಕೆ ಹೊದಿಸುವುದು ಹೇಗೆ ಎಂಬುದೇ ಆ ಪ್ರಶ್ನೆ.

ಮೊದಲು ಸ್ವೆಟರಿನ ಮಾತನ್ನು ನೋಡೋಣ. ಕುತ್ತಿಗೆಯಿಂದ ಆರಂಭಿಸಿ ಹೊಲಿಗೆಯಿಲ್ಲದೆ ಹೆಣೆಯುವ ಅಂಗಿಯ ವಿಧಾನವು ಲೆಕ್ಕಬಲ್ಲವರಿಗೆ ಬಹು ಸಂತೋಷವನ್ನು ಕೊಡತಕ್ಕದ್ದು. ಒಬ್ಬ ಬಾಲಕನ ಅಂಗಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೆಣೆಯುವವರು ಕುತ್ತಿಗೆಯ ಸುತ್ತಳತೆಗೆ ಸರಿಯಾಗಿ ೮೦ ಕುಣಿಕೆಗಳನ್ನು ಕಡ್ಡಿಯ ಮೇಲೆ ಏರಿಸಿಕೊಳ್ಳುವರು. ಇವುಗಳಲ್ಲಿ ಎದೆಗೆ ೨೮, ಬೆನ್ನಿಗೆ ೨೮, ಎರಡು ತೋಳುಗಳಿಗೆ ಹನ್ನೆರಡು ಹನ್ನೆರಡು. ಈ ನಾಲ್ಕು ಭಾಗಗಳು ಕೂಡುವ ನಾಲ್ಕು ಗೆರೆಗಳ ಎರಡು ಪಕ್ಕದಲ್ಲಿಯೂ ಒಂದೊಂದು ಕುಣಿಕೆಯನ್ನು, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ, ಹೆಚ್ಚಿಸುತ್ತ ಹೋಗುವರು. ಹೀಗೆ ಎರಡು ಸುತ್ತಿಗೆ ಎಂಟು ಕುಣಿಕೆಗಳು ಹೆಚ್ಚುವುವು. ನಲವತ್ತು ಸುತ್ತುಗಳಾಗುವ ವೇಳೆಗೆ ೮೦ ಇದ್ದುದು ೨೪೦ ಆಗಿ, ಹೆಣಿಗೆಯು ಭುಜಗಳನ್ನು ಮುಚ್ಚಿ ಕಂಕುಳಿಗೆ ಇಳಿದಿರುತ್ತದೆ. ಆಗ ತೋಳಿಗೆ ಸೇರಿದ ೫೨ ಕುಣಿಕೆಗಳನ್ನು ಎರಡು ಕಡೆಯಲ್ಲಿಯೂ ಬೇರೆ ದಾರದಲ್ಲಿ ಪೋಣಿಸಿ ಬದಿಗಿಟ್ಟು, ಕಂಕುಳ ಕೆಳಗೆ ನಾಲ್ಕು ನಾಲ್ಕು ಹೊಸ ಕುಣಿಕೆಗಳನ್ನು ಸೇರಿಸಿ, ಎದೆಬೆನ್ನುಗಳ ಒಟ್ಟು ೧೪೪ ಕುಣಿಕೆಗಳನ್ನು ಸೊಂಟದವರೆಗೆ ಸುತ್ತುಸುತ್ತಾಗಿ ಹೆಣೆಯುವರು. ಕಡೆಗೆ ಬದಿಗಿಟ್ಟ ತೋಳುಗಳನ್ನು ಮತ್ತೆ ಕಡ್ಡಿಗೇರಿಸಿ, ಮಣಿಕಟ್ಟಿನವರೆಗೆ ಮುಗಿಸುವರು. ಕತ್ತರಿಗೆ ಇಲ್ಲಿ ಕೊನೆಯ ದಾರವನ್ನು ಕತ್ತರಿಸುವುದರ ಹೊರತು ಬೇರೆ ಕೆಲಸವಿಲ್ಲ. ಹೆಣೆಯುತ್ತಿರುವಾಗಲೇ ಅಂಗಿಯನ್ನು ಬಾಲಕನಿಗೆ ತೊಡಿಸಿ ಅಳತೆ ನೋಡಬಹುದು. ಅವನು ಬೆಳೆದರೆ, ಕೆಳಗಿನ ಅಂಚನ್ನು ಬಿಚ್ಚಿ ಇನ್ನೂ ನಾಲ್ಕು ಬೆರಳು ಇಳಿಸಬಹುದು.

ಈ ವಿಧಾನವು ಇತ್ತೀಚಿನದೆಂದು ಹಲವರು ಭಾವಿಸುವರು. ಇದನ್ನು ಗ್ರಂಥರೂಪದಲ್ಲಿ ವಿಸ್ತರಿಸಿದ ಬಾರ್ಬರಾ ವಾಕರ್ ಅವರ ಪುಸ್ತಕವು ಅಮೆರಿಕದಲ್ಲಿ ೧೯೭೨ರಲ್ಲಿ ಪ್ರಕಟವಾಯಿತೆಂಬುದೂ, ಅದಕ್ಕೆ ಒಂದು ವರ್ಷ ಹಿಂದೆ ಎಲಿಜಬೆತ್ ಜಿಮ್ಮರ್‌ಮನ್ ಅವರು ಹೊಲಿಗೆಯಿಲ್ಲದ ಹೆಣಿಗೆಯ ಪರವಾಗಿ ತಮ್ಮ ಪುಸ್ತಕವನ್ನು ಹೊರತಂದಿದ್ದರೆಂಬುದೂ ನಿಜವೇ. ಆದರೆ ಹೆಣಿಗೆಯು ಹುಟ್ಟಿದಂದಿನಿಂದ ಅದರ ಸಹಜಪ್ರವೃತ್ತಿಯು ಹೊಲಿಗೆಯಿಲ್ಲದ ಕೊಳವೆಯನ್ನು ಮಾಡುವುದೇ ಆಗಿತ್ತು. ಈಜಿಪ್ಟ್ ದೇಶದ ಒಣಮರಳಿನಲ್ಲಿ ಉಳಿದುಬಂದಿರುವ, ಹನ್ನೊಂದರಿಂದ ಹದಿನಾಲ್ಕನೆಯ ಶತಮಾನದೊಳಗಿನವೆಂದು ವಿದ್ವಾಂಸರು ಎಣಿಸುವ, ನೀಲಿ ಬಿಳಿ ಹತ್ತಿನೂಲಿನ ಕಾಲುಚೀಲಗಳು ಸುತ್ತುಹೆಣಿಗೆಯವು. ಯೂರೋಪಿನ ಕಡಲತೀರದ ಬೆಸ್ತರ ದಪ್ಪ ಅಂಗಿಗಳೂ ಹಾಗೆಯೇ ಸುತ್ತಾಗಿ ಹೆಣೆದವು.

ಹಾಗಾದರೆ ಹೆಣಿಗೆಗೆ ಹೊಲಿಗೆಯು ಬಂದುದು ಎಲ್ಲಿಂದ? ಅದು ಮುಖ್ಯವಾಗಿ ಯಂತ್ರದಿಂದ ಬಂದಿತು. ೧೫೮೯ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬವನು ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದನು. ಎಲಿಜಬೆತ್ ರಾಣಿಯು ಅದಕ್ಕೆ ಸನ್ನದು ಕೊಡಲು ಒಪ್ಪಲಿಲ್ಲ. ಆ ಯಂತ್ರವು ಚಪ್ಪಟೆಯಾದ ಪಟ್ಟಿಯನ್ನು ಮಾತ್ರ ಹೆಣೆಯಬಲ್ಲದಾಗಿತ್ತು. ಪಟ್ಟಿಯನ್ನು ಮಡಿಸಿ ಹಿಂಬದಿಯಲ್ಲಿ ಹೊಲಿದರೆ ಕಾಲುಚೀಲವಾಗುತ್ತಿತ್ತು. ಮುಂದೆ ದರ್ಜಿಯ ಅಂಗಿಯನ್ನು ಅನುಕರಿಸಿದ ಅಚ್ಚಿನ ನಮೂನೆಗಳು, ಕೈಹೆಣಿಗೆಯವರಿಗೂ ಎದೆ, ಬೆನ್ನು, ತೋಳುಗಳನ್ನು ಬೇರೆಬೇರೆ ಹೆಣೆದು ಹೊಲಿಯುವ ಪಾಠವನ್ನು ಕಲಿಸಿದುವು. ಇಪ್ಪತ್ತನೆಯ ಶತಮಾನದ ಆ ಇಬ್ಬರು ಮಹಿಳೆಯರು ಮಾಡಿದುದು ಹೊಸದನ್ನು ಕಟ್ಟುವುದಕ್ಕಿಂತ ಹೆಚ್ಚಾಗಿ, ಮರೆತುದನ್ನು ನೆನಪಿಸುವ ಕೆಲಸ.

ನಾವು ಹೇಳಿದ ನಾಲ್ಕು ಓರೆಗೆರೆಗಳ ತೋಳಿಗೆ ರ್‍ಯಾಗ್ಲನ್ ತೋಳು ಎಂದು ಹೆಸರು. ರ್‍ಯಾಗ್ಲನ್ ಪ್ರಭುವು ೧೮೧೫ರ ವಾಟರ್ಲೂ ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು. ೧೮೫೩ರಲ್ಲಿ ಮೊದಲಾದ ಕ್ರಿಮಿಯಾ ಯುದ್ಧದಲ್ಲಿ ಇಂಗ್ಲಿಷರ ಸೇನಾಪತಿ. ಅವನು ಬಹುವರ್ಷ ಯಾರ ಕೈಕೆಳಗೆ ಕಾರ್ಯದರ್ಶಿಯಾಗಿದ್ದನೋ ಆ ವೆಲಿಂಗ್ಟನ್ ಪ್ರಭುವು ಇನ್ನೂ ವೆಲ್ಲೆಸ್ಲಿ ಎಂಬ ಹೆಸರಿನಲ್ಲಿದ್ದಾಗ, ೧೮೦೩ರಲ್ಲಿ, ಹರಿಹರದ ಕಡೆಯಿಂದ ಸೇನೆಯೊಡನೆ ಹೊರಟು ಮಿರಜೆಯ ಮಾರ್ಗವಾಗಿ ಪುಣೆಗೆ ನಡೆದನು. ಎಂದರೆ ನಮ್ಮ ಈ ಕೃಷ್ಣಾತೀರದ ಸೀಮೆಯನ್ನು ಹಾದು ಹೋದನು. ಅದೇ ಕ್ರಿಮಿಯಾ ಯುದ್ಧದ ಬಾಲಕ್ಲಾವ ಎಂಬ ಊರು, ತಲೆ ಕಿವಿ ಕುತ್ತಿಗೆಗಳನ್ನು ಮುಚ್ಚುವ ಹೆಣಿಗೆಯ ಟೋಪಿಗೆ ತನ್ನ ಹೆಸರನ್ನು ಕೊಟ್ಟಿದೆ. ನಮ್ಮವರು ಅದನ್ನು ಮಂಕಿಟೋಪಿ ಎನ್ನುವರು. ತಲೆಯಿಂದ ಹೆಗಲಿಗೆ ಹೊಲಿಗೆಯಿಲ್ಲದೆ ಇಳಿಯುವ ಇಂಥ ಹೊದಿಕೆಯನ್ನು ನಮ್ಮ ಕುರಿಗಾರನು ಕ್ರಿಮಿಯಾದ ಸುದ್ದಿ ಬರುವ ಮುಂಚಿನಿಂದಲೂ ಬಲ್ಲವನಾಗಿದ್ದನು.

ಹೊಲಿಗೆಯಿಲ್ಲದ ಉಡುಪಿಗೆ ಜನರು ಕೊಟ್ಟ ಗೌರವವು ಪ್ರಾಚೀನವಾದುದು. ಏಸುವು ಧರಿಸಿದ್ದ ಅಂಗಿಯು ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆಯದೆಂದೂ, ಅದನ್ನು ಹರಿಯಲು ಮನಸ್ಸಾಗದೆ ಸೈನಿಕರು ಚೀಟಿ ಹಾಕಿದರೆಂದೂ ಯೋಹಾನನ ಸುವಾರ್ತೆಯು ಹೇಳುತ್ತದೆ. ನಮ್ಮ ದೇಶದಲ್ಲಿಯಂತೂ ಧೋತರ, ಸೀರೆ, ಉತ್ತರೀಯ, ರುಮಾಲುಗಳೆಲ್ಲವೂ ಮಗ್ಗದಿಂದ ಇಳಿದಂತೆಯೇ ಮೈಗೆ ಏರತಕ್ಕವು. ಕಂಬಳಿಯು ಈ ಕುಲದ ಹಿರಿಯ ಸದಸ್ಯ. ಪಾಣಿನಿಯ ವ್ಯಾಕರಣದಲ್ಲಿ ಕಂಬಲ ಶಬ್ದದಿಂದ ಕಂಬಲ್ಯ ಎಂಬ ಒಂದು ಸಂಜ್ಞೆಯು ಸಾಧಿತವಾಗಿದೆ. ಅದು ನೂರು ಪಲ ತೂಕದ ಉಣ್ಣೆಯೆಂದು ವ್ಯಾಖ್ಯಾನಕಾರರ ವಿವರಣೆ. ಕಂಬಳಿಗೆ ಬೇಕಾದ ಉಣ್ಣೆಗೆ ಒಂದು ಗೊತ್ತಾದ ತೂಕವೇ ಆ ಕಾಲದಲ್ಲಿ ಏರ್ಪಟ್ಟಿತ್ತೆಂದು ಇದರಿಂದ ಊಹಿಸಬಹುದು. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎಂಟು ತುಂಡುಗಳನ್ನು ಕೂಡಿಸಿ ಮಾಡಿದ, ಕಪ್ಪು ಬಣ್ಣದ, ಮಳೆಯನ್ನು ತಡೆಯುವ ನೇಪಾಳದ ಕಂಬಳಿಯೊಂದರ ಉಲ್ಲೇಖವಿದೆ. ಕಪ್ಪು ಕಂಬಳಿಗೂ ಮಳೆಗೂ ಇರುವ ಸಂಬಂಧವು ಹೊಸದಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಪಶ್ಚಿಮಕ್ಕೆ ಸಹ್ಯಾದ್ರಿಯ ಸೆರಗಿನಲ್ಲಿ ತಂಬಾಕಿನ ನಿಪ್ಪಾಣಿ. ನಡುವೆ ಚಿಕ್ಕೋಡಿ, ರಾಯಬಾಗ. ಕೃಷ್ಣೆಯ ಆಚೆಗೆ ಕಾಗವಾಡ, ಅಥಣಿ. ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆಯು ಕಡಿಮೆಯಾಗುತ್ತ, ಅಥಣಿಯ ಪೂರ್ವಭಾಗದಲ್ಲಿ ನೆಲವು ಬೆಂಗಾಡಾಗುತ್ತದೆ. ಬಿತ್ತನೆಗೆ ಒದಗದ ಆ ಒಣನೆಲವು ಕುರಿಗೆ ಒದಗಿತು. ಮಳೆಗಾಲ ಕಳೆದ ಮೇಲೆ ಹಿಂಡುಗಳು ಮೇವನ್ನರಸಿ ಹೊರಡುವುವು. ಕೊಯ್ಲಾದ ಹೊಲಗಳಲ್ಲಿ ರಾತ್ರಿ ತಂಗುವುವು. ಗೊಬ್ಬರಕ್ಕೆ ಪ್ರತಿಯಾಗಿ ರೈತನು ಕಾಳನ್ನೋ ಹಣವನ್ನೋ ಕೊಡುವನು. ೧೯೪೯ರವರೆಗೆ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಸರಕಾರಕ್ಕೆ ಸೇರಿದ್ದುವು. ೧೯೫೬ರ ನವೆಂಬರ್ ೧ರಂದು ಇವೆಲ್ಲ ಮೈಸೂರು ರಾಜ್ಯಕ್ಕೆ ಬಂದುವು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದುದು ಇತ್ತೀಚೆಗೆ. ಈ ಗಡಿಗಳು ಎಷ್ಟು ಸಲ ಬದಲಾದರೂ ಹಿಂಡುಗಳು ಮೇವಿನ ದಾರಿಯನ್ನೇ ಹಿಡಿದು ನಡೆದುವು. ಕನ್ನಡವಾಡುವ ಕುರುಬರೂ ಮರಾಠಿಯಾಡುವ ಧನಗರರೂ ಒಂದೇ ಬೀರಪ್ಪನಿಗೆ, ಕೆಲವೆಡೆ ಬೀರದೇವನೆಂಬ ಹೆಸರಿನಿಂದ, ಭಂಡಾರವನ್ನು ಹಾರಿಸುವರು.

ಈ ಜನರಲ್ಲಿ ಉಣ್ಣೆಯು ಕೇವಲ ಸರಕಾಗಿರಲಿಲ್ಲ. ಕುರುಬರಲ್ಲಿ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂಬ ಎರಡು ಪಂಗಡಗಳುಂಟು. ಮದುವೆಯಲ್ಲಿ ಮಣಿಕಟ್ಟಿಗೆ ಕಟ್ಟುವ ದಾರವು ಯಾವುದೆಂಬುದರಿಂದ ಈ ಹೆಸರುಗಳು ಬಂದಿರುವುವೆಂದು ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಲ್ಲಿ ನಮೂದಾಗಿದೆ. ಮೈಲಾರಲಿಂಗನ ಗೊರವರು ತೊಡುವುದು ಕಂಬಳಿಯ ನಿಲುವಂಗಿ. ಪೂಜೆಗೆ ಗದ್ದುಗೆಯನ್ನು ಹಾಕುವಾಗ ಮೊದಲು ಹಾಸುವುದು ಕಂಬಳಿ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಸಾಹೇಬನೂ ಕುರುಬರ ಕಂಬಳಿ ನೇಯ್ಗೆಯನ್ನು ಗಮನಿಸಿ ಬರೆದಿದ್ದಾನೆ.

ಕಂಬಳಿಯಾಗುವ ಬಗೆಯು ಹೀಗೆ. ವರ್ಷಕ್ಕೆ ಎರಡು ಸಲ ಕುರಿಗಳನ್ನು ಹೊಳೆಯಲ್ಲಿಯೋ ಹಳ್ಳದಲ್ಲಿಯೋ ಮೀಯಿಸಿ, ಕೈಕತ್ತರಿಯಿಂದ ಉಣ್ಣೆಯನ್ನು ತೆಗೆಯುವರು. ದಖ್ಖನಿ ತಳಿಯ ಒಂದು ಕುರಿಯಿಂದ ವರ್ಷಕ್ಕೆ ದೊರೆಯುವುದು ಒಂದು ಕಿಲೋಗ್ರಾಮಿಗೂ ಕಡಿಮೆ. ಆದುದರಿಂದ ಒಂದು ಕಂಬಳಿಯಲ್ಲಿ ಹಲವು ಕುರಿಗಳ ಋಣವಿದೆ. ಉಣ್ಣೆಯನ್ನು ಬಣ್ಣಬಣ್ಣವಾಗಿ ವಿಂಗಡಿಸಿ, ಬಿಲ್ಲಿನಿಂದ ಎಕ್ಕಿ, ಹಂಜಿ ಮಾಡಿ, ಹೆಂಗಸರು ರಾಟಿಯ ಮೇಲೆ ನೂಲುವರು. ಗಂಡಸರು ಬೀದಿಯುದ್ದಕ್ಕೆ ಹಾಸನ್ನು ಹೂಡಿ, ಹುಣಿಸೆಬೀಜವನ್ನು ಬೇಯಿಸಿ ಅರೆದ ಗಂಜಿಯನ್ನು ಕುಂಚದಿಂದ ಬಳಿದು ಬಿಸಿಲಿಗೆ ಒಣಗಿಸಿ, ಕುಣಿಮಗ್ಗದಲ್ಲಿ ಕುಳಿತು ನೇಯುವರು. ಅಗಲವಾದ ಕಂಬಳಿ ಬೇಕಾದರೆ ಎರಡು ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸುವುದೂ ಉಂಟು. ಆದರೆ ನೇಯ್ದ ಬಟ್ಟೆಯನ್ನು ಮೈಯ ಅಳತೆಗಾಗಿ ಕತ್ತರಿಸುವುದು ಇಲ್ಲ. ಇಲ್ಲಿ ಕತ್ತರಿಯು ಆಡುವುದು ಕುರಿಯ ಮೈಮೇಲೆ, ಕಂಬಳಿಯ ಮೇಲಲ್ಲ.

ಮೈಗೆ ಹೊಂದಿಸುವ ಕೆಲಸವನ್ನು ಇಲ್ಲಿ ಮಡಿಕೆಯು ಮಾಡುತ್ತದೆ. ಕಂಬಳಿಯ ಒಂದು ತುದಿಯ ಮೂಲೆಗಳನ್ನು ಕೂಡಿಸಿ, ಶಿಖರದಂತೆ ಮಡಿಸಿ ತಲೆಗೆ ಸಿಕ್ಕಿಸಿ, ಉಳಿದುದನ್ನು ಹೆಗಲು ಬೆನ್ನುಗಳ ಮೇಲೆ ಇಳಿಬಿಟ್ಟರೆ ಕೊಪ್ಪೆಯಾಯಿತು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಕೊಂಡರೂ ಒದ್ದೆಯೆನಿಸದು. ಕಾರ್ಖಾನೆಯ ಉಣ್ಣೆಯಂತೆ ಜಿಡ್ಡನ್ನು ಪೂರ್ತಿಯಾಗಿ ತೊಳೆದು ತೆಗೆಯದ ಕಾರಣ ಮಳೆಯ ಹನಿಯು ಜಾರುತ್ತದೆ. ಗಂಜಿಯುಂಡ ಬಿಗಿಯಾದ ನೇಯ್ಗೆಯು ಗಾಳಿಯನ್ನು ತಡೆಯುತ್ತದೆ. ಮಳೆ ನಿಂತರೆ ಅದೇ ಕೊಪ್ಪೆಯು ಹಾಸಿಗೆ. ಸಂತೆಗೆ ಹೋದರೆ ಗಂಟು. ದಾರಿಯಲ್ಲಿ ಈದ ಮರಿಗೆ ತೊಟ್ಟಿಲು.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಇಷ್ಟು ಉಣ್ಣೆಯನ್ನೂ ಇಷ್ಟು ಕೈಚಳಕವನ್ನೂ ಹೊಂದಿದ್ದ ಈ ಜನರು ಸೂಜಿಹೆಣಿಗೆಯನ್ನು ಏಕೆ ಕೈಗೊಳ್ಳಲಿಲ್ಲ? ಹೆಣೆಯುವುದನ್ನು ಅರಿಯದವರೆಂದು ಹೇಳಲಾಗದು. ಬೆಣ್ಣೆಯ ಗಡಿಗೆಯನ್ನು ತೂಗುವ ನೆಲುವನ್ನೂ ಎತ್ತಿನ ಬಾಯಿಕುಕ್ಕೆಯನ್ನೂ ಹೆಣೆದವರು ಅವರೇ. ಹಿಮಾಲಯದ ಲಾಹುಲಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮೊರೇವಿಯನ್ ಪಾದ್ರಿಗಳು ಕಲಿಸಿದ ಕಾಲುಚೀಲದ ಹೆಣಿಗೆಯು ಆ ನಾಡಿನ ಸ್ವಂತ ಕಲೆಯಾಗಿ ಬೆಳೆಯಿತು. ಇಲ್ಲಿ ಹಾಗಾಗಲಿಲ್ಲ. ಇದಕ್ಕೆ ಉಣ್ಣೆಯೇ ಮೊದಲನೆಯ ಕಾರಣ. ದಖ್ಖನಿ ಕುರಿಯ ಉಣ್ಣೆಯು ಗಿಡ್ಡವಾದುದು, ಒರಟಾದುದು, ಕೂದಲು ಬೆರೆತುದು. ಕಂಬಳಿಯ ಮೇಲೆ ಕುಳಿತು ಉಣ್ಣುವವನು ಅನ್ನದಲ್ಲಿ ಕೂದಲು ಬಂತೆಂದು ಗೊಣಗಬಾರದೆಂಬ ಗಾದೆಯು ಸುಮ್ಮನೆ ಹುಟ್ಟಲಿಲ್ಲ. ಹೆಣಿಗೆಯಂಗಿಯು ಮೈಗೆ ಅಂಟಿ ಕೂರತಕ್ಕದ್ದು; ಈ ಉಣ್ಣೆಯು ಬರಿಯ ಮೈಗೆ ಚುಚ್ಚುತ್ತದೆ. ಎರಡನೆಯದಾಗಿ, ಕುಣಿಕೆಗಳ ಬಟ್ಟೆಯು ಹಿಗ್ಗುವಂಥದು. ಗಾಳಿಮಳೆಗಳು ಅದರ ಕಣ್ಣುಗಳಲ್ಲಿ ನುಸುಳುವುವು. ಮೂರನೆಯದಾಗಿ, ಇಲ್ಲಿನ ಚಳಿಯು ಬೆಳಗಿನ ಎರಡು ತಾಸಿನದು. ಬಿಸಿಲೇರಿದೊಡನೆ ಹೊದ್ದುದನ್ನು ತೆಗೆದು ಹೆಗಲಿಗೆ ಹಾಕಬೇಕು. ಹೀಗೆ ನೋಡಿದರೆ, ಸೂಜಿಯನ್ನು ಬಿಟ್ಟು ಮಗ್ಗವನ್ನು ಹಿಡಿದುದು ಅಜ್ಞಾನವಲ್ಲ, ವಿವೇಕ.

ಉಣ್ಣೆಯನ್ನೇ ಬದಲಾಯಿಸುವ ಯತ್ನಗಳೂ ನಡೆದುವು. ಮಾರ್ಕ್ ಕಬ್ಬನ್ ಸಾಹೇಬರು ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, ಎಂದರೆ ೧೮೩೪ ರಿಂದ ೧೮೬೧ರೊಳಗೆ, ಮೆರಿನೊ ಕುರಿಗಳನ್ನು ತರಿಸಿ ನಾಡಕುರಿಯೊಡನೆ ಬೆರೆಸಿ ನಯವಾದ ಉಣ್ಣೆಯನ್ನು ಪಡೆಯಲು ಪ್ರಯತ್ನಿಸಿದರು. ಆದರೂ ದಖ್ಖನಿನ ಹಳ್ಳಿಗಳ ಹಿಂಡುಗಳು ಬಹುಮಟ್ಟಿಗೆ ಕರಿಯ ಒರಟು ಉಣ್ಣೆಯವಾಗಿಯೇ ಉಳಿದುವು. ಬಿಸಿಲು, ನಡಿಗೆ, ಒಣಮೇವುಗಳನ್ನು ತಾಳಿಕೊಳ್ಳುವ ಶಕ್ತಿಯೂ ಈ ಒರಟುತನವೂ ಒಂದೇ ಮೈಯಲ್ಲಿ ಕೂಡಿಬಂದುವು.

೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಸೇರಿದಾಗ, ಸದಸ್ಯರಾಗತಕ್ಕವರು ತಿಂಗಳಿಗೆ ೨೦೦೦ ಗಜ ನೂಲನ್ನು ಕೊಡಬೇಕೆಂಬ ನಿಯಮವು ಅಂಗೀಕೃತವಾಯಿತು. ವಕೀಲರೂ ಉಪಾಧ್ಯಾಯರೂ ತಕಲಿಯನ್ನು ಹಿಡಿದು ಕುಳಿತರು. ಅದು ಮಹತ್ವದ ಘಟನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಜಿಲ್ಲೆಯ ಕುರುಬರ ಹಟ್ಟಿಗಳಲ್ಲಿ ಕೈನೂಲನ್ನು ಬಿಟ್ಟು ಬೇರೆ ನೂಲನ್ನು ಅರಿಯದ ಹೆಂಗಸರು ತಲೆಮಾರುಗಳಿಂದ ರಾಟಿಯನ್ನು ತಿರುಗಿಸುತ್ತಲೇ ಇದ್ದರು. ಹತ್ತಿಯ ಎಳೆಯು ರಾಷ್ಟ್ರದ ಬಾವುಟಕ್ಕೆ ಏರಿತು. ಉಣ್ಣೆಯ ಎಳೆಗೂ ಖಾದಿಯಲ್ಲಿ ಸ್ಥಾನವಿದ್ದಿತಾದರೂ, ಆ ಮುದುಕಿಯರ ಕೈಗಳಿಗೆ ಆ ಪ್ರಮಾಣದ ಮನ್ನಣೆಯು ಬರಲಿಲ್ಲ.

ಅನಂತರದ ಕಥೆಯು ದುಃಖಕರವಾದುದು. ನೀರಾವರಿಯು ಬಂದು ಕಬ್ಬು ಹರಡಿದಂತೆ ಕುರಿಯ ಬಯಲು ಕುಗ್ಗಿತು. ಗಿರಣಿಯ ಅಗ್ಗದ ಕಂಬಳಿಗಳೂ, ಎಣ್ಣೆಯಿಂದ ತೆಗೆದ ಕೃತಕ ನೂಲಿನ ಹೊದಿಕೆಗಳೂ, ಮೇಣಗಾಗದದಂತಿರುವ ಪ್ಲಾಸ್ಟಿಕ್ ಕೊಪ್ಪೆಗಳೂ ಸಂತೆಗೆ ಬಂದುವು. ಕುರಿಯನ್ನು ಸಾಕುವುದು ಮುಖ್ಯವಾಗಿ ಮಾಂಸಕ್ಕಾಗಿ ಎಂದಾಯಿತು. ಅಥಣಿಯ ನೆರೆಯ ಜತ್ತ ತಾಲೂಕಿನ ಮಾಡಗ್ಯಾಳ ತಳಿಯ, ಮೈ ದೊಡ್ಡದಾಗಿಯೂ ಉಣ್ಣೆ ಅಲ್ಪವಾಗಿಯೂ ಇರುವ ಕುರಿಗಳಿಗೆ ಬೇಡಿಕೆ ಹೆಚ್ಚಿತು. ಎಷ್ಟೋ ಕಡೆ ಉಣ್ಣೆಯ ಬೆಲೆಯು ಅದನ್ನು ಕತ್ತರಿಸುವ ಕೂಲಿಗೂ ಸಾಲದೆ, ಕತ್ತರಿಸಿದ ಉಣ್ಣೆಯನ್ನು ಬೇಲಿಯ ಮಗ್ಗುಲಿಗೆ ಎಸೆಯುವರು. ಕುರಿಗಾರನ ಕಾಲಿನ ಕೆರಕ್ಕಾದರೂ ಅದೃಷ್ಟವಿದ್ದಿತು: ಅಥಣಿಯಲ್ಲಿ ಚರ್ಮದ ಎಳೆಯಿಂದಲೇ ಹೊಲಿಯುವ ಕೊಲ್ಲಾಪುರಿ ಚಪ್ಪಲಿಗೆ, ಬೆಳಗಾವಿ ಜಿಲ್ಲೆಯೂ ಸೇರಿದಂತೆ ಎಂಟು ಜಿಲ್ಲೆಗಳ ಹೆಸರಿನಲ್ಲಿ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಅದೇ ಮನುಷ್ಯನ ತಲೆಯ ಮೇಲಿನ ಕೊಪ್ಪೆಯ ಮಾತನ್ನು ಆಡುವವರು ವಿರಳ.

ಕಂಬಳಿಯನ್ನು ಕೊಳ್ಳಿರೆಂದು ನಗರವಾಸಿಗಳಿಗೆ ಉಪದೇಶಿಸಿ ಮಾತನ್ನು ಮುಗಿಸುವುದು ನಮಗೆ ಸುಲಭ. ಆದರೆ ಕರುಣೆಯಿಂದ ಕೊಂಡ ಕಂಬಳಿಯು ಪೆಟ್ಟಿಗೆಯ ತಳವನ್ನು ಸೇರುವುದೇ ಹೊರತು ಮಗ್ಗವನ್ನು ಉಳಿಸಲಾರದು. ಆ ಉಣ್ಣೆಯ ಗುಣವನ್ನು ಅರಿತು ಕೆಲಸ ಕೊಡಬೇಕು. ಎಳೆಯ ಕುರಿಮರಿಯ ಮೊದಲ ಕತ್ತರಿಕೆಯ ಉಣ್ಣೆಯು ತಕ್ಕಮಟ್ಟಿಗೆ ಮೃದುವಾದುದು. ಅಂಗಿಯ ಮೇಲೆ ತೊಡುವ ದಪ್ಪನೆಯ ಹೆಣಿಗೆಗೆ ಅದು ಒದಗಬಲ್ಲುದು. ಉಳಿದುದು ಜಮಖಾನೆಗೆ, ಹಾಸಿಗೆಗೆ, ಗೋಡೆಮಾಡುಗಳಲ್ಲಿ ಬಿಸಿಲನ್ನು ತಡೆಯುವ ಪದರಕ್ಕೆ ತಕ್ಕುದು. ಎಲ್ಲಕ್ಕಿಂತ ಮುಖ್ಯವಾದುದು ನೂಲುವ ಹೆಂಗಸಿನ ಕೂಲಿ. ಒಂದು ಕಂಬಳಿಯಲ್ಲಿ ಹೆಚ್ಚಿನ ವೇಳೆಯನ್ನು ನುಂಗುವುದು ಎಕ್ಕಿ ನೂಲುವ ಕೆಲಸ; ಬೆಲೆಯನ್ನು ಕಟ್ಟುವಾಗ ಕೊನೆಗೆ ಎಣಿಕೆಗೆ ಬರುವುದೂ ಅದೇ. ಆಕೆಯ ಮಗಳು ರಾಟಿಯನ್ನು ಮುಟ್ಟದಿದ್ದರೆ ಅದಕ್ಕೆ ನಾಗರಿಕತೆಯ ಮೋಹವು ಕಾರಣವಲ್ಲ, ಲೆಕ್ಕವು ಕಾರಣ.

ನಾವು ಮೊದಲು ಕಂಡ ಹಾದಿಗೆ ಮರಳೋಣ. ಆ ಬಾಲಕನ ಸ್ವೆಟರು ಬಹುಶಃ ಉಣ್ಣೆಯದೇ ಅಲ್ಲ. ಯಾವುದೋ ದೂರದ ಕಾರ್ಖಾನೆಯಲ್ಲಿ ಕೃತಕ ನೂಲಿನಿಂದ ಹೆಣೆದು, ತುಂಡುತುಂಡಾಗಿ ಹೊಲಿದುದು. ವರ್ಷದೊಳಗೆ ಕಂಕುಳಲ್ಲಿ ಬಿಚ್ಚಿಕೊಳ್ಳುವುದು. ಎದುರಿಗೆ ಬರುವ ಮುದುಕನ ಕೊಪ್ಪೆಯಲ್ಲಿ ಬಿಚ್ಚಿಕೊಳ್ಳತಕ್ಕ ತೋಳಿಲ್ಲ, ಕಂಕುಳಿಲ್ಲ. ಅವನ ಹಿಂಡು ಹಾದುಹೋದ ಮೇಲೆ ಜಾಲಿಯ ಮುಳ್ಳುಗಳಲ್ಲಿ ಕರಿಯ ಉಣ್ಣೆಯ ಎಳೆಗಳು ಸಿಕ್ಕಿಕೊಂಡು ಗಾಳಿಗೆ ಅಲುಗುತ್ತಿರುತ್ತವೆ. ಹಿಂದೆ ಮಕ್ಕಳು ಅವನ್ನು ಆಯ್ದು ಅಜ್ಜಿಗೆ ಕೊಡುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಈಗ ಅವು ಮುಳ್ಳಿನಲ್ಲಿಯೇ ಉಳಿಯುತ್ತವೆ.